ಥಂಡಿ ಮಾವನ ನಾಣ್ಯ

ಊರಿನಲ್ಲಿ ಯಾವ ಹೋಟೆಲಿಗೆ ಬೀಗ ಬಿದ್ದರೂ ನಮ್ಮ ಮಾವನಿಗೆ ಮೊದಲು ಸುದ್ದಿ ಹೋಗುತ್ತಿತ್ತು. ಮಾವ ಎಂದರೆ ಅಮ್ಮನ ಅಣ್ಣ. ಫ್ರಿಜ್ಜು, ಫ್ರೀಜರು ರಿಪೇರಿ ಮಾಡುವುದು ಅವರ ಕೆಲಸ. ಹೋಟೆಲು ತೆರೆಯುವಾಗ ಫ್ರೀಜರು ಕೂರಿಸಲು ಅವರೇ, ನಡುವೆ ಕೆಟ್ಟರೆ ಅವರೇ, ಕೊನೆಗೆ ಮುಚ್ಚಿದಾಗ ಕಳಚಿ ಸಾಗಿಸಲೂ ಅವರೇ. ಹಾಗಾಗಿ ಮಕ್ಕಳಾದ ನಾವೆಲ್ಲ ಅವರನ್ನು ಥಂಡಿ ಮಾವ ಎಂದು ಕರೆಯುತ್ತಿದ್ದೆವು. ಹೆಸರಿಗಷ್ಟೇ ಥಂಡಿ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

ಸಿಟ್ಟಿಗಿಂತ ದೊಡ್ಡದು ಅವರ ಕುತೂಹಲ. ಬೀಗ ಬಿದ್ದ ಹೋಟೆಲಿಗೆ ಹೋದವರು ಸಾಮಾನು ಕಳಚಿ ಸುಮ್ಮನೆ ಬರಬೇಕಲ್ಲ? ಇಲ್ಲ. ತಲೆ ಮೇಲೆ ಕೈಹೊತ್ತು ಕೂತ ಯಜಮಾನನ ಪಕ್ಕ ಒಂದು ಸ್ಟೂಲು ಎಳೆದುಕೊಂಡು ಕೂತು, "ಯಾಕೆ ಮುಚ್ಚಿದ್ರಿ?" ಎಂದು ಕೇಳುತ್ತಿದ್ದರು. ಒಬ್ಬಾತ ಸೌಟು ಎತ್ತಿಕೊಂಡು ಹೊಡೆಯಲು ಬಂದಿದ್ದನಂತೆ. ಅಮ್ಮ ಬೈಯುತ್ತಿದ್ದಳು: "ಸಾವಿನ ಮನೆಗೆ ಹೋಗಿ ಯಾಕೆ ಸತ್ರು ಅಂತ ಕೇಳೋ ಜಾಯಮಾನ ನಿಂದು!"

"ಕೇಳಿದ್ರೆ ತಾನೇ ಮುಂದಿನವರು ಬದುಕೋದು?" ಎನ್ನುತ್ತಿದ್ದರು ಮಾವ.

ಅವರ ಹತ್ತಿರ ಎಣ್ಣೆ ಕಲೆಯಾದ ಒಂದು ಉದ್ದನೆಯ ಪುಸ್ತಕವಿತ್ತು. ಒಂದೊಂದು ಹೋಟೆಲಿಗೆ ಒಂದೊಂದು ಪುಟ. ಪ್ರತಿ ಪುಟದಲ್ಲೂ ಎರಡೇ ಸಾಲು: ಒಂದು "ಯಜಮಾನ ಹೇಳಿದ್ದು", ಇನ್ನೊಂದು "ಫ್ರೀಜರ್ ಹೇಳಿದ್ದು". ಚಿಕ್ಕವಳಿದ್ದಾಗ ಕಥೆ ಪುಸ್ತಕಕ್ಕಿಂತ ಇದನ್ನೇ ಹೆಚ್ಚು ಓದಿದ್ದೇನೆ. ಒಂದು ಪುಟದಲ್ಲಿ ಯಜಮಾನ ಹೇಳಿದ್ದು: ಪಕ್ಕದ ಅಂಗಡಿಯವರ ಕಣ್ಣು ಬಿತ್ತು. ಫ್ರೀಜರ್ ಹೇಳಿದ್ದು: ಹನ್ನೊಂದು ಜಾತಿ ಮೀನು, ಒಂದೊಂದು ಜಾತಿಗೂ ದಿನಕ್ಕೊಬ್ಬ ಗಿರಾಕಿ. ಇನ್ನೊಂದರಲ್ಲಿ ಯಜಮಾನ ಹೇಳಿದ್ದು: ಅಡುಗೆಯವನು ಕೈಕೊಟ್ಟ. ಫ್ರೀಜರ್ ಹೇಳಿದ್ದು: ಹಸಿ ಕೋಳಿ ಮೇಲಿನ ತಟ್ಟೆಯಲ್ಲಿ, ಕತ್ತರಿಸಿದ ಹಣ್ಣು ಕೆಳಗೆ, ಮಧ್ಯೆ ತೊಟ್ಟಿಕ್ಕಿದ ಗುರುತು. ಮೂರನೆಯದರಲ್ಲಿ: ಜಾಗ ಸರಿಯಿಲ್ಲ. ಅದರ ಕೆಳಗೆ ಮಾವ ಬೇರೇನನ್ನೂ ಬರೆಯದೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಗೀಚಿದ್ದರು.

ಆ ಪುಸ್ತಕದಲ್ಲಿ ಮಾವನ ನಿದ್ದೆ ಕೆಡಿಸಿದ ಒಂದು ಜಾಗವಿತ್ತು. ಬಸ್ ನಿಲ್ದಾಣದ ಎದುರಿನ ಮೂಲೆ ಅಂಗಡಿ. ಒಂದು ಕಡೆ ನಿಲ್ದಾಣ, ಇನ್ನೊಂದು ಕಡೆ ಶಾಲೆ, ದಿನವಿಡೀ ಜನ. ಹೋಟೆಲಿಗೆ ಅದಕ್ಕಿಂತ ಒಳ್ಳೆಯ ಜಾಗ ಊರಿನಲ್ಲೇ ಇಲ್ಲ. ಆದರೂ ಒಂಬತ್ತು ವರ್ಷದಲ್ಲಿ ಐದು ಹೋಟೆಲು ತೆರೆದು ಐದೂ ಮುಚ್ಚಿದ್ದವು. ಎರಡಕ್ಕೆ ಮಾವ ಕಾರಣ ಕಂಡುಹಿಡಿದಿದ್ದರು. ಉಳಿದ ಮೂರು ಪುಟಗಳಲ್ಲಿ ಫ್ರೀಜರ್ ಹೇಳಿದ್ದು ಎಂಬಲ್ಲಿ ಬರೀ ಪ್ರಶ್ನೆಯ ಗುರುತು. ಅದರಲ್ಲಿ ಒಂದು ಪುಟ ಹೀಗಿತ್ತು. ಯಜಮಾನಿ ಹೇಳಿದ್ದು: "ನನ್ನ ಕೈ ಕೆಟ್ಟಿತು." ಪಕ್ಕದಲ್ಲಿ ಮಾವನ ಅಕ್ಷರ: "ನಂಬಲಾರೆ. ಅಲ್ಲಿ ಉಂಡಿದ್ದೇನೆ."

ಆರನೆಯ ಹೋಟೆಲು ನನ್ನದು.

ಹನ್ನೊಂದು ವರ್ಷ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸಿ ಬಡಿಸಿ ಸಾಕಾಗಿ, ಸ್ವಂತದ್ದೊಂದು ಇರಲಿ ಎಂದು ಹೊರಟವಳು ನಾನು. ಆ ಮೂಲೆ ಅಂಗಡಿ ಹಿಡಿದಿದ್ದೇನೆ ಎಂದಾಗ ಮಾವ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರ ಕಣ್ಣು ಅರಳಿತು. "ಒಳ್ಳೇದಾಯ್ತು! ಈಗ ಒಳಗಿಂದಾನೇ ನೋಡಬಹುದು" ಎಂದರು. ಸೊಸೆ ಮುಳುಗಿದರೂ ಚಿಂತೆಯಿಲ್ಲ, ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು ಎನ್ನುವ ಹಾಗಿತ್ತು ಅವರ ಉತ್ಸಾಹ. ನನಗೆ ಮೈ ಉರಿಯಿತು.

ಮೂರು ದಿನ ಅವರು ನಿಲ್ದಾಣದ ಬೆಂಚಿನ ಮೇಲೆ ಕೂತು ನನ್ನ ಮುಚ್ಚಿದ ಶಟರನ್ನೇ ನೋಡುತ್ತಿದ್ದರು. ನಾಲ್ಕನೆಯ ದಿನ ಬಂದು, "ಮೆನು ತೋರ್ಸು" ಎಂದರು. ಬಣ್ಣದ ಕಾಗದದಲ್ಲಿ ನಲವತ್ತೆರಡು ಬಗೆ ಬರೆಸಿದ್ದೆ. ತೋರಿಸಿದೆ.

"ಈ ಮೂಲೇಲಿ ನಿಲ್ಲೋ ಮನುಷ್ಯನಿಗೆ ಬಸ್ಸು ಬರೋಕೆ ಇಪ್ಪತ್ತು ನಿಮಿಷ ಇರುತ್ತೆ" ಎಂದರು. "ಅಷ್ಟರಲ್ಲಿ ತಟ್ಟೆ ಬರಬೇಕು, ಉಣ್ಣಬೇಕು, ಕೈ ತೊಳೀಬೇಕು. ನಿನ್ನ ಮೆನು ಓದೋಕೇ ಹದಿನೈದು ನಿಮಿಷ ಬೇಕಲ್ಲೇ! ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು."

ಜಗಳವಾಡಿ ಜಗಳವಾಡಿ ಒಂಬತ್ತಕ್ಕೆ ಇಳಿಸಿದರು. ಆಮೇಲೆ ಅಡುಗೆಮನೆಗೆ ನುಗ್ಗಿದರು. ಕೈತೊಳೆಯುವ ಬೇಸಿನ್ನು ಮೂಲೆಯಿಂದ ಬಾಗಿಲ ಪಕ್ಕಕ್ಕೆ ಬಂತು. ಹಸಿ ಮಾಂಸಕ್ಕೆ ಕೆಂಪು ಹಲಗೆ, ತರಕಾರಿಗೆ ಹಸಿರು ಹಲಗೆ ಬಂದವು. ಆಹಾರ ಇಲಾಖೆಯವರು ಕೊಟ್ಟಿದ್ದ ನಿಯಮಗಳ ಹಾಳೆಯನ್ನು ನಾನು ಬಾಗಿಲ ಹಿಂದೆ, ಏಪ್ರನ್ನುಗಳು ನೇತಾಡುವ ಕಡೆ ಅಂಟಿಸಿದ್ದೆ. ಇನ್‌ಸ್ಪೆಕ್ಟರ್ ಕೇಳಿದರೆ ತೋರಿಸಲು ಇದ್ದರಾಯಿತು ಎಂದು. ಮಾವ ಅದನ್ನು ಕಿತ್ತು ಒಲೆಯ ಎದುರು ಗೋಡೆಗೆ ಅಂಟಿಸಿದರು.

"ನಿಯಮ ಅಂದ್ರೆ ಏನಂದ್ಕೊಂಡೆ? ಒಂದೊಂದು ಸಾಲಿನ ಹಿಂದೆ ಯಾರೋ ಹೊಟ್ಟೆ ಹಿಡ್ಕೊಂಡು ಮಲಗಿದ್ದಾರೆ. ಅವರ ನೋವನ್ನ ಬರೆದು ಗೋಡೆಗೆ ಹಚ್ಚಿರೋದು ಇದು."

"ನಿಮ್ಮ ಬುತ್ತಿ ಮೂರು ಗಂಟೆವರೆಗೂ ವ್ಯಾನಿನಲ್ಲಿ ಬಿಸಿಲು ಕಾಯ್ತಿರುತ್ತೆ" ಎಂದೆ ನಾನು. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ."

ಮರುದಿನದಿಂದ ಮಾವ ಬುತ್ತಿಯನ್ನು ನನ್ನ ಫ್ರಿಜ್ಜಿನಲ್ಲಿ ತಂದಿಟ್ಟರು.

ಕೊನೆಯದಾಗಿ ನಾಣ್ಯ. ನೇರ ಬದಿಯ ಒಂದು ಸ್ಟೀಲ್ ಲೋಟದಲ್ಲಿ ಮುಕ್ಕಾಲು ನೀರು ತುಂಬಿ ಫ್ರೀಜರಿನಲ್ಲಿಟ್ಟರು. ಅದು ಗಟ್ಟಿಯಾದ ಮೇಲೆ ಒಂದು ನಾಣ್ಯವನ್ನು, ಅಂಕೆ ಕಾಣುವ ಹಾಗೆ, ಮಂಜುಗಡ್ಡೆಯ ಮೇಲಿಟ್ಟರು. "ದಿನಾ ಬೆಳಿಗ್ಗೆ ನೋಡು. ನಾಣ್ಯ ಮೇಲೇ ಇರಬೇಕು. ಇಲ್ದಿದ್ರೆ ನಂಗೆ ಫೋನ್ ಮಾಡು" ಎಂದು ಚೀಲ ಹೆಗಲಿಗೇರಿಸಿ ಹೊರಟರು. ಈಚಿನ ಒಂದೆರಡು ವರ್ಷದಿಂದ ಅವರು ಕೆಲಸ ಮಾಡುವ ಹೋಟೆಲುಗಳಲ್ಲೆಲ್ಲ ಇಂಥದೊಂದು ಲೋಟ ಇರುತ್ತಿತ್ತು. ಯಾಕೆ ಎಂದು ಕೇಳಿದ್ದರೆ ಹೇಳುತ್ತಿದ್ದರು. ನನಗೆ ಆಗ ಪಾತ್ರೆ ಜೋಡಿಸುವ ಅವಸರ. ಜೀವನವೆಲ್ಲ ಯಾಕೆ ಯಾಕೆ ಎಂದು ಊರಿನ ತಲೆ ತಿಂದ ಮನುಷ್ಯನನ್ನು ನಾನು ಅದೊಂದು ದಿನ ಯಾಕೆ ಎಂದು ಕೇಳಲಿಲ್ಲ.

ಶಟರು ಎತ್ತಿದ ಎರಡನೆಯ ದಿನ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು, "ಅಡುಗೆಗೆ ಜನ ಬೇಕಾ?" ಎಂದರು. ಐವತ್ತರ ಆಚೆ ಈಚೆ ವಯಸ್ಸು. ಒಳಗೆ ಬರುವಾಗ ಹೊಸ್ತಿಲ ಪಕ್ಕದ ಒಡೆದ ಟೈಲನ್ನು ನೋಡದೆಯೇ ದಾಟಿದರು. ಅದು ಎಲ್ಲಿದೆ ಎಂದು ಅವರ ಕಾಲಿಗೆ ಗೊತ್ತಿತ್ತು. ಮಾವ ಗುರುತು ಹಿಡಿದು ನನ್ನ ಕಿವಿಯಲ್ಲಿ ಹೇಳಿದರು. ಆರು ವರ್ಷದ ಹಿಂದೆ ಇದೇ ಜಾಗದಲ್ಲಿ ಮೂರನೆಯ ಹೋಟೆಲು ನಡೆಸಿದವರು. "ನನ್ನ ಕೈ ಕೆಟ್ಟಿತು" ಎಂದವರು. ಆಮೇಲೆ ಅವರಿವರ ಮನೆಯಲ್ಲಿ ಪಾತ್ರೆ ತೊಳೆದಿದ್ದರೇ ಹೊರತು ಒಲೆ ಮುಟ್ಟಿರಲಿಲ್ಲ.

ನಾನು ಅವರನ್ನು ಅಕ್ಕ ಎಂದು ಕರೆದೆ, ಒಲೆ ಒಪ್ಪಿಸಿದೆ. ಅವರ ಅಡುಗೆ ಹೇಗಿತ್ತೆಂದರೆ, ಬಸ್ಸು ತಪ್ಪಿದರೂ ಪರವಾಗಿಲ್ಲ ಎಂದು ಜನ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಆದರೆ ಅಕ್ಕನಿಗೆ ತಮ್ಮ ನಾಲಿಗೆಯ ಮೇಲೆ ನಂಬಿಕೆಯಿರಲಿಲ್ಲ. ಪ್ರತಿಯೊಂದು ಪಾತ್ರೆಯಿಂದಲೂ ಒಂದು ತೊಟ್ಟು ನನ್ನ ಅಂಗೈಗೆ ಹಾಕಿ, ನಾನು ಚಪ್ಪರಿಸುವುದನ್ನು ಉಸಿರು ಹಿಡಿದು ನೋಡುತ್ತಿದ್ದರು.

"ಉಪ್ಪು ಸರಿ ಇದ್ಯಾ ತಂಗಿ?"

"ನೀವೇ ನೋಡಿ ಅಕ್ಕ."

"ನನ್ನ ನಾಲಿಗೆ ನಂಬಬೇಡ. ಅದನ್ನ ನಂಬಿಯೇ ಒಂದು ಹೋಟೆಲು ಮುಚ್ಚಿದೆ."

ದಿನಕ್ಕೆ ಒಂಬತ್ತು ಸಲ ನನ್ನ ಅಂಗೈ ಸುಡುತ್ತಿತ್ತು. ಕೆಲವೊಮ್ಮೆ ರೇಗಿಯೂ ಇದ್ದೇನೆ. ಫ್ರೀಜರನ್ನೂ ಅವರಿಗೇ ವಹಿಸಿದೆ. "ಅಕ್ಕಾ, ಈ ನಾಣ್ಯ ಮೇಲೇ ಇರಬೇಕಂತೆ, ನೋಡ್ಕೊಳ್ಳಿ" ಎಂದೆ. ಅಷ್ಟೇ ಹೇಳಿದ್ದು. ಮಾವ ಹೇಳಿದ್ದರಲ್ಲಿ ಅರ್ಧ ನನ್ನ ಬಾಯಿಗೆ ಬರುವಷ್ಟರಲ್ಲೇ ಉದುರಿಹೋಗಿತ್ತು.

ಮೂರು ತಿಂಗಳು ಚೆನ್ನಾಗಿಯೇ ಹೋಯಿತು. ನಾಲ್ಕನೆಯ ತಿಂಗಳಲ್ಲಿ, ಬೇಸಿಗೆ ಏರುತ್ತಿದ್ದಂತೆ, ಜನ ಕಡಿಮೆಯಾಗತೊಡಗಿದರು. ಒಮ್ಮೆಲೇ ಅಲ್ಲ. ಮಧ್ಯಾಹ್ನ ಮೂಲೆಯ ಮೇಜಿನಲ್ಲಿ ಸೈಕಲ್ ಬೀಗದ ಕೈ ತಿರುಗಿಸುತ್ತ ಉಣ್ಣುತ್ತಿದ್ದ ಅಂಚೆಯಣ್ಣ ಕಾಣಲಿಲ್ಲ. ಆಮೇಲೆ ಟಿಕೆಟ್ ಕೌಂಟರಿನವರು. ಆಮೇಲೆ ಪಕ್ಕದ ಬೀದಿಯ ದರ್ಜಿ. ಯಾರೂ ಜಗಳವಾಡಲಿಲ್ಲ, ದೂರಲಿಲ್ಲ. ಮೇಜುಗಳು ಒಂದೊಂದಾಗಿ ಖಾಲಿಯಾದವು. ಅಕ್ಕ ಈಗ ಒಂದೇ ಪಾತ್ರೆಯಿಂದ ಎರಡೆರಡು ಸಲ ನನ್ನ ಅಂಗೈಗೆ ಹಾಕತೊಡಗಿದರು. ಒಂದು ದಿನ, "ನಾನು ಬಿಟ್ಟುಬಿಡ್ಲಾ ತಂಗಿ? ನನ್ನ ಕೈ ನಿನ್ನ ಹೋಟ್ಲಿಗೂ ತಾಗ್ತಿದೆಯೇನೋ" ಎಂದರು. ನನಗೆ ಭಯವಾಯಿತು. ಅವರು ಹೋದರೆ ಎಂದು ಒಂದು ಭಯ. ಅವರು ಹೇಳಿದ್ದು ನಿಜವಿದ್ದರೆ ಎಂದು ಇನ್ನೊಂದು. ಆ ಎರಡನೆಯದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾವನಿಗೆ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ, ವ್ಯಾನು ಹತ್ತಿ ಹೊರಟರು. ಬಾರದೆ ಹೋದ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋಗಿ ಕೇಳಿದರು. ಅಂಚೆಯಣ್ಣ ಸಂಕೋಚದ ಮನುಷ್ಯ. "ಏನಿಲ್ಲ ಸ್ವಾಮಿ, ಡಬ್ಬಿ ತಗೊಂಡು ಬರ್ತೀನಿ ಈಗ" ಎಂದು ಜಾರಿಕೊಳ್ಳಲು ನೋಡಿದ. ಮಾವ ಬಿಡಬೇಕಲ್ಲ? ಅವನ ಜತೆ ನಾಲ್ಕು ಬೀದಿ ಕಾಗದ ಹಂಚಿಕೊಂಡು ನಡೆದರಂತೆ. ಕೊನೆಗೆ ಬಾಯಿಬಿಟ್ಟ. ಹೊಟ್ಟೆ ಕೆಟ್ಟಿತ್ತು. ಎರಡು ಸಲ. ದರ್ಜಿಗೂ ಹಾಗೇ ಆಗಿತ್ತು. ಟಿಕೆಟ್ ಕೌಂಟರಿನವರ ಹೆಂಡತಿ, "ಅಲ್ಲಿ ಉಣ್ಣಬೇಡಿ ಅಂತ ನಾನೇ ಹೇಳಿದ್ದು" ಎಂದು ಮುಖಕ್ಕೇ ಹೇಳಿದರು.

"ಯಾವ ವಾರ ಉಂಡಿದ್ದು?" ಎಂದು ಮಾವ ಪ್ರತಿಯೊಬ್ಬರನ್ನೂ ಕೇಳಿದ್ದರು. ಮೂವರೂ ಯೋಚಿಸಿ ಹೇಳಿದ್ದು ಒಂದೇ: ಮಂಗಳವಾರ.

"ಬೈದು ಹೋಗೋ ಗಿರಾಕಿ ಸಿಕ್ಕಿದ್ರೆ ಪುಣ್ಯ ಕಣೇ" ಎಂದರು ಮಾವ ನನ್ನ ಹತ್ತಿರ ಬಂದು. "ಸುಮ್ಮನೆ ಹೋಗೋನು ಕಾರಣಾನೂ ಜತೆಗೇ ತಗೊಂಡು ಹೋಗ್ತಾನೆ."

ನಮ್ಮ ಬೀದಿಗೆ ಸೋಮವಾರ ರಜೆ. ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಶಟರು ಎಳೆದರೆ ಮತ್ತೆ ತೆರೆಯುವುದು ಮಂಗಳವಾರ ಬೆಳಿಗ್ಗೆ. ಆದರೆ ಅದರಿಂದೇನು? ಕೋಳಿ, ಮೀನು ಎಲ್ಲ ಫ್ರೀಜರಿನಲ್ಲಿ ಕಲ್ಲಿನಂತೆ ಇರುತ್ತಿದ್ದವು. ಮೇಲೆ ನಾಣ್ಯ ಬೇರೆ ಇತ್ತು.

ಮುಂದಿನ ಮಂಗಳವಾರ ನನ್ನ ಪಾಲಿಗೆ ಸಣ್ಣ ದಿನವಾಗಿರಲಿಲ್ಲ. ಎದುರಿನ ಶಾಲೆಯಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರ ಸಭೆ. ಎಂಬತ್ತು ಜನಕ್ಕೆ ಕೋಳಿ ಊಟ ನಮ್ಮಿಂದ. ಚೆನ್ನಾಗಿದ್ದರೆ ಇನ್ನು ಮೇಲೆ ಶಿಕ್ಷಕರ ಮಧ್ಯಾಹ್ನದ ಊಟ ದಿನವೂ ನಿಮ್ಮದೇ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದರು. ಅದು ಸಿಕ್ಕರೆ ಉಳಿಯುತ್ತೇವೆ, ಇಲ್ಲದಿದ್ದರೆ ಮಾವನ ಪುಸ್ತಕದಲ್ಲಿ ನನ್ನದೂ ಒಂದು ಪುಟ. ಇದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ಬೆಳಿಗ್ಗೆ ಎಂಟಕ್ಕೇ ಮಾವ ಬಂದು ಫ್ರೀಜರಿನ ಮುಚ್ಚಳ ಎತ್ತಿದರು. ಲೋಟ ತೆಗೆದು ಬೆಳಕಿಗೆ ಹಿಡಿದರು. ನಾಣ್ಯ ಮೇಲಿತ್ತು.

"ನೋಡಿದ್ರಾ?" ಎಂದೆ ನಾನು. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತ್ತು. "ನಮ್ಮ ತಪ್ಪೇನಿಲ್ಲ. ಅವರು ಬೇರೆಲ್ಲೋ ತಿಂದಿರಬೇಕು."

ಮಾವ ಲೋಟವನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ನಾನಿಟ್ಟಾಗ ಅಂಕೆ ಮೇಲಿತ್ತು" ಎಂದರು. "ಈಗ ಕೆಳಗಿದೆ. ಇದನ್ನ ಯಾರು ಮುಟ್ಟಿದ್ರು?"

"ನಾನೇ ಅಣ್ಣ" ಎಂದರು ಅಕ್ಕ ಈರುಳ್ಳಿ ಹೆಚ್ಚುತ್ತ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಮಂಗಳವಾರ ಮಂಗಳವಾರ ಪಾಪ ಅದು ತಳಕ್ಕೆ ಹೋಗಿರುತ್ತೆ. ಲೋಟಾನ ಬಿಸಿನೀರಲ್ಲಿ ಅದ್ದಿ, ಗಡ್ಡೆ ಜಾರಿಸಿ, ತಿರುವಿ ಹಾಕ್ತೀನಿ. ಮತ್ತೆ ಮೇಲೆ ಬರುತ್ತೆ. ಒಂದು ವಾರಾನೂ ತಪ್ಪಿಸಿಲ್ಲ. ಮೇಲೇ ಇರಬೇಕು ಅಂದಿದ್ಲಲ್ಲ ತಂಗಿ? ಹೋಟ್ಲಿಗೆ ಒಳ್ಳೇದಾಗ್ಲಿ ಅಂತ ಇಟ್ಟಿರ್ತೀರಿ, ಅದೂ ಮುಳುಗಿ ಹೋದ್ರೆ ಹೇಗೆ ಅಂತ."

ಮಾವ ಸ್ಟೂಲಿನ ಮೇಲೆ ಕೂತುಬಿಟ್ಟರು.

ಆಗ ನನಗೆ ಅರ್ಥವಾಯಿತು. ಮಂಜುಗಡ್ಡೆ ಕರಗಿದರೆ ಮಾತ್ರ ನಾಣ್ಯ ತಳಕ್ಕೆ ಇಳಿಯುತ್ತದೆ. ಅದು ಮತ್ತೆ ಗಟ್ಟಿಯಾದರೂ ನಾಣ್ಯ ತಳದಲ್ಲೇ ಉಳಿದು, ನಡುವೆ ಇದು ಕರಗಿತ್ತು ಎಂದು ಹೇಳುತ್ತದೆ. ಲೋಟ ಕರಗಿದ್ದರೆ ಕೋಳಿಯೂ ಕರಗಿದೆ, ಮೀನೂ ಕರಗಿದೆ, ಎಲ್ಲ ಹಳಸಿ ಮತ್ತೆ ಹೆಪ್ಪುಗಟ್ಟಿದೆ. ಮಂಗಳವಾರ ಮಂಗಳವಾರ ನಾಣ್ಯ ನಮಗೆ ಕೂಗಿ ಹೇಳುತ್ತಿತ್ತು. ಮಂಗಳವಾರ ಮಂಗಳವಾರ ಅಕ್ಕ ಅದನ್ನು ತಿರುವಿ ಮುಚ್ಚಿಡುತ್ತಿದ್ದರು.

ನನ್ನ ಸಿಟ್ಟು ನೆತ್ತಿಗೇರಿತು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತಲ್ಲ ನಿಮ್ಮದು! ತಳಕ್ಕೆ ಯಾಕೆ ಹೋಯ್ತು ಅಂತ ಒಂದು ಮಾತು ಕೇಳಬಾರದಾ?" ಎಂದು ಕಿರುಚಿದೆ. ಅಕ್ಕನ ಕೈಯಿಂದ ಚಾಕು ಕೆಳಗೆ ಬಿತ್ತು.

"ಬಾಯಿ ಮುಚ್ಚು" ಎಂದರು ಮಾವ. ನನಗೆ. "ಕರು ಕಟ್ಟಿದ್ದು ನೀನೂ ಅಷ್ಟೇ, ನಾನೂ ಅಷ್ಟೇ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇವರೊಬ್ಬರು ಹೇಳಿದ ಮಾತು ನಡೆಸಿದ್ದಾರೆ."

ಆಮೇಲಿನ ವಾರ ಮಾವ ತಾವು ಲೋಟವಿಟ್ಟ ಹೋಟೆಲುಗಳನ್ನೆಲ್ಲ ಸುತ್ತಿ ಬಂದರು. ಒಂದರಲ್ಲಿ ನಾಣ್ಯವನ್ನು ಯಾರೋ ಚಹಾ ಕುಡಿಯಲು ಖರ್ಚು ಮಾಡಿದ್ದರು. ಇನ್ನೊಂದರಲ್ಲಿ ಮುಳುಗದಿರಲಿ ಎಂದು ಅಂಟು ಹಚ್ಚಿದ್ದರು. ಮೂರನೆಯದರಲ್ಲಿ ಲೋಟದ ಗಡ್ಡೆಯನ್ನು ಕರಗಿಸಿ ನೀರಡಿಕೆಗೆ ಯಾರೋ ಕುಡಿದು ಮತ್ತೆ ತುಂಬಿಸಿಟ್ಟಿದ್ದರು. ಆವತ್ತಿನಿಂದ ಅವರು ಪ್ರತಿ ಲೋಟದ ಮೇಲೂ ಚೀಟಿ ಅಂಟಿಸುತ್ತಾರೆ, ಚೀಟಿ ಓದಿ ಹೇಳುತ್ತಾರೆ, ಹೇಳಿದ್ದನ್ನು ತಿರುಗಿ ಹೇಳಿಸುತ್ತಾರೆ. ಹೋಟೆಲಿನವರಿಗೆ ಅವರನ್ನು ಕಂಡರೆ ಪರೀಕ್ಷೆಯ ಮೇಷ್ಟ್ರನ್ನು ಕಂಡ ಹಾಗೆ.

ಆ ಬೆಳಿಗ್ಗೆ ಮಾತ್ರ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಫ್ರೀಜರಿನಲ್ಲಿ ಎಂಬತ್ತು ಜನರ ಕೋಳಿ ಇತ್ತು.

"ಚೆನ್ನಾಗಿ ಕುದಿಸಿಬಿಡೋಣ ಮಾವ" ಎಂದೆ. ಹೌದು, ಹಾಗೆಂದೆ. "ಒಂದು ಗಂಟೆ ಜಾಸ್ತಿ ಕುದಿಸಿದ್ರೆ ಏನಾಗುತ್ತೆ?"

"ಕುದಿಸಿದ್ರೆ ಕ್ರಿಮಿ ಸಾಯ್ತಾವೆ. ಅವು ಬಿಟ್ಟುಹೋದ ವಿಷ ಸಾಯಲ್ಲ" ಎಂದು ಗೋಡೆಯ ಹಾಳೆ ತೋರಿಸಿದರು. ಏಳನೆಯ ಸಾಲು. ಒಮ್ಮೆ ಕರಗಿ ಬೆಚ್ಚಗಾದದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಬಳಸಬಾರದು. ನಾಲ್ಕು ತಿಂಗಳಿಂದ ನನ್ನ ಕಣ್ಣೆದುರೇ ಇದ್ದ ಸಾಲು. ಆವತ್ತು ಅದರ ಹಿಂದೆ ಅಂಚೆಯಣ್ಣ ಹೊಟ್ಟೆ ಹಿಡಿದುಕೊಂಡು ಮಲಗಿದ್ದು ನನಗೆ ಕಾಣಿಸಿತು.

ನಾಲ್ಕು ದೊಡ್ಡ ಚೀಲ ತುಂಬಿ ಎಸೆದೆವು. ನಾನು ಶಾಲೆಗೆ ಫೋನ್ ಮಾಡಿ, ಏನೋ ಒಂದು ನೆಪ ಹೇಳೋಣ ಎಂದುಕೊಂಡವಳು, ಇದ್ದದ್ದನ್ನೇ ಹೇಳಿಬಿಟ್ಟೆ. "ಫ್ರೀಜರು ಕೈಕೊಟ್ಟಿದೆ ಮೇಡಂ. ಕೋಳಿ ಎಲ್ಲ ಎಸೆದಿದ್ದೀವಿ. ಮಾರುಕಟ್ಟೆಯಿಂದ ಈಗ ತರೋ ತರಕಾರಿ, ಮೊಟ್ಟೆಯಲ್ಲಿ ಊಟ ಕೊಡ್ತೀನಿ. ಬೇಡ ಅಂದ್ರೆ ಬೇರೆಯವರಿಗೆ ಹೇಳೋಕೆ ನಿಮಗಿನ್ನೂ ಟೈಮ್ ಇದೆ." "ಎಸೆದಿದ್ದೀರಾ?" ಎಂದು ಕೇಳಿದರು. ಎಸೆದಿದ್ದೇವೆ ಎಂದೆ. "ಹಾಗಾದ್ರೆ ತರಕಾರೀನೇ ಮಾಡಿ" ಎಂದರು.

ಇತ್ತ ಮಾವ ಫ್ರೀಜರನ್ನು ಇಂಚಿಂಚೂ ನೋಡಿ ಮುಗಿಸಿದ್ದರು. ಅದರಲ್ಲಿ ಒಂದು ದೋಷವೂ ಇರಲಿಲ್ಲ. "ಇದು ಕೆಟ್ಟಿಲ್ಲ. ಇದಕ್ಕೆ ಯಾರೋ ಕರೆಂಟು ಕೊಟ್ಟಿಲ್ಲ" ಎನ್ನುತ್ತ ತಂತಿಯ ಜಾಡು ಹಿಡಿದು ಹಿಂಬಾಗಿಲಿನಿಂದ ಹೊರಗೆ ಹೋದರು. ನಾನೂ ಅಕ್ಕನೂ ಹಿಂದೆ ಹೋದೆವು. ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಗೆ ಬೀಗವಿತ್ತು. ಅದರ ಕೀ ಕಟ್ಟಡದ ಯಜಮಾನರಾದ ಅಜ್ಜನ ಹತ್ತಿರ. ಮಹಡಿಯಲ್ಲಿ ಒಬ್ಬರೇ ಇದ್ದರು. ಎಂಬತ್ತರ ಹತ್ತಿರ ವಯಸ್ಸು, ಯಾರ ತಂಟೆಗೂ ಹೋಗದ ಒಳ್ಳೆಯ ಜೀವ. ಸದ್ದು ಕೇಳಿ ಕೋಲೂರಿಕೊಂಡು ಇಳಿದು ಬಂದರು.

"ಅಜ್ಜ, ರಜೆ ದಿನ ಈ ಮೇನ್ ಸ್ವಿಚ್ಚನ್ನ ಯಾರಾದ್ರೂ ಮುಟ್ತಾರಾ?" ಎಂದು ಕೇಳಿದರು ಮಾವ.

"ನಾನೇ ಮುಟ್ಟೋದು, ಇನ್ಯಾರು?" ಎಂದರು ಅಜ್ಜ. "ಭಾನುವಾರ ಸಂಜೆ ನಡೆಯೋಕೆ ಹೊರಟಾಗ ಶಟರು ಕೆಳಗಿದ್ರೆ ರಜೆ ಅಂತ ಗೊತ್ತಾಗುತ್ತೆ. ಆಫ್ ಮಾಡ್ತೀನಿ. ಸೋಮವಾರ ರಾತ್ರಿ ಮಲಗೋ ಮುಂಚೆ ಆನ್ ಮಾಡ್ತೀನಿ. ಹಿಂದೆ ನಂದೊಂದು ಮರದ ಅಂಗಡಿ ಇತ್ತು. ರಜೆ ದಿನ ವೈರು ಸುಟ್ಟು ಇಡೀ ಅಂಗಡಿ ಬೂದಿ ಆಯ್ತು. ಅವತ್ತೇ ನಿಯಮ ಮಾಡ್ಕೊಂಡೆ. ಈ ಕಟ್ಟಡ ಕಟ್ಟಿ ಒಂಬತ್ತು ವರ್ಷ ಆಯ್ತು. ಒಂದು ವಾರಾನೂ ತಪ್ಪಿಸಿಲ್ಲ."

ಒಂದು ವಾರವೂ ತಪ್ಪಿಸಿಲ್ಲ. ಅದೇ ಮಾತನ್ನು ಅರ್ಧ ಗಂಟೆಯ ಹಿಂದೆ ಅಡುಗೆಮನೆಯಲ್ಲಿ ಕೇಳಿದ್ದೆ. ಇಬ್ಬರು ಒಳ್ಳೆಯವರು, ಎರಡು ನಿಯಮ. ಒಬ್ಬರು ಕರಗಿಸಿದರು, ಇನ್ನೊಬ್ಬರು ಕರಗಿದ್ದನ್ನು ಮುಚ್ಚಿದರು. ಯಾಕೆ ಎಂದು ಇಬ್ಬರನ್ನೂ ಯಾರೂ ಕೇಳಿರಲಿಲ್ಲ.

"ಒಂಬತ್ತು ವರ್ಷಾನೂನಾ ಅಜ್ಜ?" ಎಂದರು ಅಕ್ಕ. ದನಿ ಬಲು ಸಣ್ಣದಾಗಿತ್ತು.

"ಒಂಬತ್ತು ವರ್ಷಾನೂ."

ಅಕ್ಕ ಗೋಡೆಗೆ ಕೈಯೂರಿದರು. ಅವರ ಕಾಲದಲ್ಲೂ ಸೋಮವಾರವೇ ರಜೆ. ಅವರ ಗಿರಾಕಿಗಳೂ ಒಂದು ಮಾತೂ ಆಡದೆ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ಅವರು ತಮ್ಮ ಎರಡೂ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡರು. ಆರು ವರ್ಷ ಆ ಕೈಗಳನ್ನು ಬೈದುಕೊಂಡು ಬದುಕಿದ್ದ ಹೆಂಗಸು ಅದು.

ಮಾವ ಮೆಲ್ಲಗೆ ಅಜ್ಜನಿಗೆ ಎಲ್ಲ ವಿವರಿಸಿದರು. ಫ್ರೀಜರಿಗೆ ಮಾತ್ರ ಬೇರೆ ತಂತಿ ಎಳೆದು, ಬೆಂಕಿ ಹತ್ತದಂಥ ಸ್ವಿಚ್ಚು ಹಾಕಿಕೊಡುತ್ತೇನೆ, ಉಳಿದದ್ದನ್ನು ನೀವು ಆಫ್ ಮಾಡಿಕೊಳ್ಳಿ ಎಂದರು. ಅಜ್ಜ ತಲೆಯಾಡಿಸುತ್ತ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಇಳಿಯಿತು.

"ಹಾಗಾದ್ರೆ..." ಎಂದರು. "ಹಿಂದಿನ ಹೋಟ್ಲುಗಳು ಮುಚ್ಚಿದ್ದು? ಅದೂ ನನ್ನಿಂದಲೇನಾ?"

ಮಾವ ಬಾಯಿ ತೆರೆದರು. ಒಂಬತ್ತು ವರ್ಷ ಹುಡುಕಿದ ಉತ್ತರ ಅವರ ನಾಲಿಗೆಯ ಮೇಲಿತ್ತು. ಅವರು ಅಜ್ಜನನ್ನು ನೋಡಿದರು, ಅಕ್ಕನನ್ನು ನೋಡಿದರು.

"ಅಯ್ಯೋ, ಎಲ್ಲಾದ್ರೂ ಉಂಟಾ ಅಜ್ಜ!" ಎಂದರು ಅಕ್ಕ. "ನಂದೊಂದು ಇತ್ತಲ್ಲ, ನಂಗೊತ್ತಿಲ್ವಾ? ನನ್ನ ಮೆನು ತುಂಬಾ ಉದ್ದ ಇತ್ತು, ಅದಕ್ಕೇ ಮುಚ್ಚಿದ್ದು. ಬನ್ನಿ, ಮೆಟ್ಟಿಲು ಹತ್ತಿಸ್ತೀನಿ."

ಅಜ್ಜನ ತೋಳು ಹಿಡಿದು ಮೇಲೆ ಬಿಟ್ಟು ಬಂದರು. ಆಗ ಮಾವ ಮೆಟ್ಟಿಲ ಮೇಲೆ ಕೂತು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ಎಷ್ಟೋ ದಿನದ ಮೇಲೆ ಕದ್ದು ನೋಡಿದೆ. ಯಜಮಾನಿ ಹೇಳಿದ್ದು ಎಂಬಲ್ಲಿ "ನನ್ನ ಕೈ ಕೆಟ್ಟಿತು" ಎಂಬುದನ್ನು ಹೊಡೆದುಹಾಕಿ, "ಮೆನು ಉದ್ದ ಇತ್ತು" ಎಂದು ಬರೆದಿದ್ದರು. ಫ್ರೀಜರ್ ಹೇಳಿದ್ದು: "ಮೇನ್ ಸ್ವಿಚ್ಚು. ಅಜ್ಜ ಇರುವವರೆಗೂ ಯಾರಿಗೂ ಹೇಳಬಾರದು." ಅಜ್ಜ ಈಗಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಶಾಲೆಯ ಊಟ ಇವತ್ತಿಗೂ ನಮ್ಮದೇ.

ಆವತ್ತು ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮಾರುಕಟ್ಟೆಯ ತರಕಾರಿ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ಶಾಲೆಗೆ ಸಾಗಿಸುವ ಕೈಗಾಡಿ ಬಾಗಿಲಲ್ಲಿ ನಿಂತಿತ್ತು. ಅಕ್ಕ ಸೌಟು ಹಿಡಿದರು. ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ಹೋಗಿ ಅಂಗೈ ಚಾಚಿದೆ.

ಅಕ್ಕ ಒಂದು ತೊಟ್ಟನ್ನು ತಮ್ಮ ಅಂಗೈಗೆ ಹಾಕಿಕೊಂಡು ಕಣ್ಣು ಮುಚ್ಚಿ ಚಪ್ಪರಿಸಿದರು. ಒಂದು ಚಿಟಿಕೆ ಉಪ್ಪು ಉದುರಿಸಿ, ತಿರುವಿ, ಮತ್ತೊಂದು ತೊಟ್ಟು ನೋಡಿದರು.

"ಸರಿಯಾಗಿದೆ. ಗಾಡಿಗೆ ಇಡು" ಎಂದು ಮುಚ್ಚಳ ಹಾಕಿದರು.

ನನ್ನ ಕೈ ಚಾಚಿದ ಹಾಗೇ ಇತ್ತು.